ಉಜ್ಜಿ ಹೋದ ಹೆಸರು

ಭಾನುವಾರ ಬೆಳಗ್ಗೆ ಧನ್ಯಾ ಒಂದು ಒಗ್ಗರಣೆ ಸೌಟಿನ ಜೊತೆ ಜಗಳವಾಡುತ್ತಿದ್ದಳು. ಅದರ ಉದ್ದನೆಯ ಹಿಡಿಯನ್ನು ಬಗ್ಗಿಸಿ ಗೋಡೆಗೆ ನಿಲ್ಲಿಸಬೇಕು, ಬಟ್ಟಲಿನಂಥ ತಲೆಯಲ್ಲಿ ಮೇಣದಬತ್ತಿ ಕೂರಬೇಕು. ಸೌಟೋ, ಯಾರದೋ ಅಡುಗೆಮನೆಯಲ್ಲಿ ನಲವತ್ತು ವರ್ಷ ಸಾಸಿವೆ ಸಿಡಿಸಿದ ಗತ್ತಿನಲ್ಲಿ ಬಗ್ಗಲೊಲ್ಲೆ ಎನ್ನುತ್ತಿತ್ತು.

"ಮೇಡಂ, ಹಳೇ ಪಾತ್ರೆ ತಗೊಳ್ಳೋರು ನೀವೇನಾ?"

ಶೆಡ್ಡಿನ ಬಾಗಿಲಲ್ಲಿ ಮೂವತ್ತರ ಆಸುಪಾಸಿನ ಒಬ್ಬ ಎತ್ತರದ ಆಳು ನಿಂತಿದ್ದ. ಕೈಯಲ್ಲಿ ಹೆಲ್ಮೆಟ್ಟು, ಮುಖದಲ್ಲಿ ನಿದ್ದೆಗೆಟ್ಟ ಕಳೆ.

"ಹೌದು, ತಗೋತೀನಿ. ಏನ್ ತಂದಿದೀರಿ?"

"ತಂದಿಲ್ಲ. ತಗೊಂಡೋಗಕ್ಕೆ ಬಂದಿದೀನಿ."

ಧನ್ಯಾಗೆ ನಗು ಬಂತು. ಸೌಟನ್ನು ಕೆಳಗಿಟ್ಟು ಒಳಗೆ ಬನ್ನಿ ಎಂದಳು. ಹಾಸನದ ಸಾಲಗಾಮೆ ರಸ್ತೆಯ ಆ ಬಾಡಿಗೆ ಮನೆಗೆ ಒಂದು ಕಾರ್ ಶೆಡ್ಡಿತ್ತು, ಧನ್ಯಾಗೆ ಕಾರಿರಲಿಲ್ಲ. ಹಾಗಾಗಿ ಜನ ಬೇಡವೆಂದು ಎಸೆದ ಜರಡಿ, ತುರಿಮಣೆ, ಇಡ್ಲಿ ತಟ್ಟೆ, ಬಾಗಿಲ ಚಿಲಕಗಳೆಲ್ಲ ಅಲ್ಲಿ ಬಂದು ಸೇರುತ್ತಿದ್ದವು. ಅವುಗಳಿಂದ ಅವಳು ಗೋಡೆಗೆ ನೇತುಹಾಕುವ ಮೇಣದಬತ್ತಿ ಹೋಲ್ಡರುಗಳನ್ನು ಮಾಡುತ್ತಿದ್ದಳು. ತುರಿಮಣೆಯ ಹಿಂದೆ ಬತ್ತಿ ಹಚ್ಚಿಟ್ಟರೆ ಗೋಡೆ ತುಂಬ ಬೆಳಕಿನ ಅಕ್ಕಿಕಾಳು ಚೆಲ್ಲಿದಂತೆ ಕಾಣುತ್ತಿತ್ತು. ಸುತ್ತಮುತ್ತಲ ಊರಿನ ಹೋಟೆಲಿನವರು, ಗಿಫ್ಟ್ ಅಂಗಡಿಯವರು ಒಯ್ಯುತ್ತಿದ್ದರು.

ಬಂದವನು ಗೋಡೆಯತ್ತ ನೋಡಿದ. ಅಲ್ಲೊಂದು ಹಿತ್ತಾಳೆ ತಟ್ಟೆ ತೂಗುತ್ತಿತ್ತು. ಒಡಲ ತುಂಬ ಹೂವಿನ ಆಕಾರದಲ್ಲಿ ಕೊರೆದ ಸಣ್ಣ ಸಣ್ಣ ತೂತು, ಮುಂದೆ ಚಾಚಿದ ಸೌಟಿನ ಕೈ, ಅದರಲ್ಲಿ ಬಿಳಿಯ ಬತ್ತಿ.

"ಇದು ಚೆನ್ನಾಗೈತೆ," ಎಂದ. "ತೂತು ಎಣಿಸಿ ಹೊಡೀತೀರಾ?"

"ನೂರಾ ಎಂಟು. ಬೇಕಾದ್ರೆ ನೀವೂ ಎಣಿಸ್ಕೊಳ್ಳಿ."

"ನಿಮ್ಮ ಮಾತ್ ಮೇಲೆ ನಂಬಿಕೆ ಐತೆ ಬುಡಿ."

ಆ ಮಾತು ಆಮೇಲೆ ಅವಳನ್ನು ನಾಲ್ಕು ದಿನ ಮುಳ್ಳಿನಂತೆ ಚುಚ್ಚಿತು. ಆಗ ಮಾತ್ರ ಅವಳು ಅವನ ಕಣ್ಣಂಚಿನ ನಗುವನ್ನೇ ನೋಡುತ್ತಿದ್ದಳು.

ಅವನ ಹೆಸರು ರವೀಶ್. ಹಳ್ಳಿಮೈಸೂರಿನವನು, ಅರಕಲಗೂಡಿನಲ್ಲಿ ಲೈನ್‌ಮನ್. ಅತ್ತಿಗೆ ಲತಾ ಕಳೆದ ತಿಂಗಳು ಅಟ್ಟ ಗುಡಿಸುವಾಗ ಒಂದು ಹಳೇ ತಟ್ಟೆಯನ್ನು ಪಾತ್ರೆ ಬದಲಾಯಿಸುವವನಿಗೆ ಕೊಟ್ಟು ಸ್ಟೀಲ್ ಡಬ್ಬಿ ತೆಗೆದುಕೊಂಡಿದ್ದಳಂತೆ. ಆ ಪಾತ್ರೆಯವನು ಅದನ್ನು ಹಾಸನದ ಗುಜರಿಗೆ ಹಾಕಿದ್ದ, ಗುಜರಿಯವನು ಸಾಲಗಾಮೆ ರಸ್ತೆಯ ಮೇಡಂ ಒಯ್ದರು ಎಂದಿದ್ದ.

"ಹೊಸದಾಗಿ ಬಂದವ್ರು, ನಮ್ಮತ್ತಿಗೆಗೆ ಗೊತ್ತಾಗ್ಲಿಲ್ಲ. ವರ್ಷಕ್ಕೆ ಒಂದೇ ದಿನ ಇಳಿಸೋ ತಟ್ಟೆ ಅದು. ಮಾಲಯ ಅಮಾವಾಸ್ಯೆಲಿ ನಮ್ಮ ತಾತನಿಗೆ ಎಡೆ ಇಡಾದು ಅದ್ರಲ್ಲೇ. ಈ ಗುರುವಾರ ಅಮಾವಾಸ್ಯೆ. ನಮ್ಮಜ್ಜಿ ನೀರೂ ಕುಡೀತಿಲ್ಲ ನೆಟ್ಟಗೆ."

"ಗುರುತು ಏನಾದ್ರೂ?"

"ಅಂಚಲ್ಲಿ ಉಗುರಿನಷ್ಟು ಮುಕ್ಕಾಗೈತೆ. ಮಧ್ಯದಲ್ಲಿ ತಾತನ ಹೆಸ್ರು, ಚುಕ್ಕಿ ಚುಕ್ಕಿ ಹೊಡ್ದು ಬರೆಸಿದ್ದು. ಹುಲಿಯಪ್ಪ ಅಂತ."

ಆ ಹೆಸರನ್ನು ಧನ್ಯಾ ಓದಿದ್ದಳು. ಓದಿ, ಎಷ್ಟು ಗಂಡಸ್ತನದ ಹೆಸರಪ್ಪ ಎಂದು ನಕ್ಕು, ಮಷಿನ್ನಿಗೆ ಹಿಡಿದು ನುಣ್ಣಗೆ ಉಜ್ಜಿದ್ದಳು. ಬೇರೆ ಮನೆಯವರ ಹೆಸರಿರುವ ತಟ್ಟೆಯನ್ನು ಯಾರು ಕೊಳ್ಳುತ್ತಾರೆ? ಮುಕ್ಕಾದ ಅಂಚಿನ ಮೇಲೆ ಒಂದು ಹಳೇ ಚಿಲಕದ ಪಟ್ಟಿ ಕೂರಿಸಿ ಚಂದ ಮಾಡಿದ್ದಳು. ಈಗ ಅದೇ ತಟ್ಟೆ ಅವನ ತಲೆಯಿಂದ ಒಂದು ಗೇಣು ಮೇಲೆ, ನೂರಾ ಎಂಟು ತೂತು ಬಿದ್ದು ತೂಗುತ್ತಿತ್ತು.

ಹೇಳಿಬಿಡು ಎಂದಿತು ಮನಸ್ಸು. ಬಾಯಿ ಬೇರೆಯೇ ಹೇಳಿತು.

"ಆ ಲಾಟಿನ ತಟ್ಟೆಗಳೆಲ್ಲ ಹೊರಗೆ ಹೋಗಿವೆ. ಹೊಳೆನರಸೀಪುರ, ಚನ್ನರಾಯಪಟ್ಟಣ, ಅರಕಲಗೂಡು... ಮೂರು ಕಡೆ ಕೊಟ್ಟಿದೀನಿ. ನಾನು ವಿಚಾರಿಸಿ ಫೋನ್ ಮಾಡ್ತೀನಿ."

ಅವನು ಹೋಗಲಿ, ಬಾಗಿಲು ಹಾಕಿಕೊಂಡು ಅಳೋಣ ಎಂದಷ್ಟೇ ಅವಳಿಗಿತ್ತು. ಅವನು ಹೆಲ್ಮೆಟ್ಟನ್ನು ಕೈಯಿಂದ ಕೈಗೆ ಬದಲಾಯಿಸಿದ.

"ಫೋನಲ್ಲಿ ಆಗ್ದಿದ್ ಮಾತು. ರಜಾ ಹಾಕಿದೀನಿ. ನಾಳೆ ಬೆಳಗ್ಗೆ ಬತ್ತೀನಿ, ನೀವೇ ತೋರ್ಸಿ."

ಸುಳ್ಳು ಹೇಳಿದವಳೇ ಅದರ ಹಿಂದೆ ಬೈಕ್ ಹತ್ತಬೇಕಾದ ಫಜೀತಿ ಯಾರಿಗೂ ಬೇಡ.

ಸೋಮವಾರ ಹೊಳೆನರಸೀಪುರ. ಬೈಕು ಹೇಮಾವತಿಯ ಸೇತುವೆಗೆ ಬಂದಾಗ ಗಾಳಿಗೆ ಅವಳ ದುಪಟ್ಟಾ ಹಾರಿ ಅವನ ಮುಖಕ್ಕೆ ಬಡಿಯಿತು. ಅವನು ಗಾಡಿ ನಿಲ್ಲಿಸಿ, ಅದನ್ನು ಎರಡು ಬೆರಳಲ್ಲಿ ಬಿಡಿಸಿ ಹಿಂದಕ್ಕೆ ಕೊಟ್ಟ.

"ಕಟ್ಕಳಿ. ಲೈನಿಗೆ ಗಾಳಿಪಟ ಸಿಕ್ಕಾಕ್ಕೊಂಡಂಗೆ ಆಯ್ತದೆ."

"ಬಿಡಿಸೋಕೆ ಲೈನ್‌ಮನ್ ಇದಾರಲ್ಲ."

"ಬಿಡಿಸೋ ಮುಂಚೆ ಲೈನ್ ಆಫ್ ಮಾಡ್ಬೇಕು. ಚಾಲೂ ಇದ್ದಾಗ ಮುಟ್ಟಿದ್ರೆ ಕತೆ ಮುಗೀತು."

ಹೇಳಿದ ಮೇಲೆ ಅವನಿಗೇ ಮಾತಿನ ಅರ್ಥ ಹೊಳೆದು ಕಿವಿ ಕೆಂಪಾಯಿತು. ಧನ್ಯಾ ಹೊಳೆಯತ್ತ ತಿರುಗಿ ನಕ್ಕಳು. ಮರುಕ್ಷಣವೇ, ಈ ಮನುಷ್ಯನ ಅಜ್ಜಿ ಅಲ್ಲಿ ಉಪವಾಸ ಕೂತಿದ್ದಾಳೆ, ನೀನಿಲ್ಲಿ ಬೈಕಿನ ಮೇಲೆ ಮಾತಿಗೆ ಮಾತು ಪೋಣಿಸುತ್ತಿದ್ದೀಯಲ್ಲೇ ಎಂದು ತನ್ನನ್ನೇ ಬೈದುಕೊಂಡಳು.

ಅಂಗಡಿಯಲ್ಲಿ ತಟ್ಟೆ ಸಿಗಲಿಲ್ಲ. ಹೇಗೆ ಸಿಕ್ಕೀತು?

ಮಂಗಳವಾರ ಚನ್ನರಾಯಪಟ್ಟಣ. ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಹೊಸ ಹೋಟೆಲಿನ ಗೋಡೆಯಲ್ಲಿ ಅವಳು ಮಾಡಿದ ಆರು ತಟ್ಟೆಗಳಿದ್ದವು. ರವೀಶ್ ಒಂದೊಂದರ ಮುಂದೆಯೂ ನಿಂತ. ನಡುಭಾಗಕ್ಕೆ ಹೆಬ್ಬೆರಳಿಟ್ಟು ಮೆಲ್ಲಗೆ ಸವರಿದ, ಕಣ್ಣು ಕಾಣದವರು ಮುಖ ಸವರಿ ಗುರುತು ಹಿಡಿಯುವ ಹಾಗೆ. ತಂತಿ ಎಳೆದು ಎಳೆದು ಒರಟಾದ ಬೆರಳುಗಳು. ಧನ್ಯಾ ಆ ಬೆರಳುಗಳಿಂದ ಕಣ್ಣು ಕೀಳಲಾರದೆ ನಿಂತಳು.

ಆರನೆಯದರ ಹತ್ತಿರ ಅವನು ತಿರುಗಿದ. "ನಮ್ ಕಡೆ ಹೆಸ್ರಿಲ್ದಿರೋ ಪಾತ್ರೆ ಮನೇಲಿರಲ್ಲ. ಇಲ್ಲಿ ಒಂದ್ರಲ್ಲೂ ಹೆಸ್ರಿಲ್ವಲ್ಲ?"

ಧನ್ಯಾ ಗೋಡೆಯತ್ತ ತಿರುಗಿದಳು. "ಉಜ್ಜಿ ತೆಗೀತೀನಿ. ಕೊಳ್ಳೋರಿಗೆ ಬೇರೆಯವರ ಹೆಸರು ಬೇಡ ಅನ್ಸುತ್ತೆ."

"ಎಲ್ಲಾದ್ರಲ್ಲೂವಾ?"

"ಎಲ್ಲಾದ್ರಲ್ಲೂ."

ಅವನು ಬಂದು ಕುರ್ಚಿಯಲ್ಲಿ ಕೂತ. ಕಾಫಿ ಬಂತು. ಇಬ್ಬರೂ ಮುಟ್ಟಲಿಲ್ಲ.

"ನಮ್ಮಜ್ಜಿಗೆ ಓದಕ್ಕೆ ಬರಲ್ಲ," ಎಂದ ರವೀಶ್, ಲೋಟವನ್ನು ನೋಡುತ್ತ. "ತಾತನ ಹೆಸರನ್ನ ಯಾವತ್ತೂ ಬಾಯ್ಬಿಟ್ಟು ಹೇಳಿಲ್ಲ. ರೇಶನ್ ಕಾರ್ಡ್ ಮಾಡ್ಸೋವಾಗ ಗಂಡನ ಹೆಸ್ರೇನಜ್ಜಿ ಅಂದ್ರೆ ಪಕ್ಕದವ್ರ ಕಡೆ ಕೈ ತೋರ್ಸಿ ನೀನೇ ಹೇಳವ್ವ ಅಂದಿತ್ತಂತೆ. ಎಡೆ ದಿನ ಹಿರೀಕರನ್ನ ಹೆಸ್ರಿಡಿದು ಊಟಕ್ಕೆ ಕರೀಬೇಕು ನಮ್ಮನೇಲಿ. ಮಿಕ್ಕೋರನ್ನ ನಮ್ಮಣ್ಣ ಕರೀತಾನೆ. ತಾತನ್ನ ಮಾತ್ರ ಅಜ್ಜಿನೇ. ಬಾಯಲ್ಲಲ್ಲ. ಆ ಚುಕ್ಕಿ ಮ್ಯಾಲೆ ಬೆರಳಾಡಿಸ್ತದೆ, ಹು, ಲಿ, ಯಪ್ಪ. ಮೂರ್ಸಲ. ಕರ್ದಂಗಾಯ್ತು."

ಧನ್ಯಾಗೆ ಎದುರಿಗಿನ ಗೋಡೆಯೆಲ್ಲ ಮಂಜುಮಂಜಾಯಿತು. ತಾನು ಅಳಿಸಿದ್ದು ಒಂದು ಹೆಸರು ಎಂದುಕೊಂಡಿದ್ದಳು. ಒಬ್ಬ ಮುದುಕಿಯ ದನಿಯನ್ನೇ ಮಷಿನ್ನಿಗೆ ಹಿಡಿದಿದ್ದಳು.

"ರವೀಶ್ ಅವರೇ..."

"ಹೇಳಿ."

ಅವನು ತಲೆಯೆತ್ತಿ ನೋಡಿದ. ನೇರವಾಗಿ, ತುಂಬ ಹೊತ್ತು, ಇನ್ನೇನನ್ನೋ ಕಾಯುತ್ತಿರುವವನ ಹಾಗೆ. ಈಗ ಹೇಳಿದರೆ ಈ ಕಣ್ಣು ಇನ್ನೊಮ್ಮೆ ತನ್ನತ್ತ ಹೀಗೆ ತಿರುಗುವುದಿಲ್ಲ.

"ಅರಕಲಗೂಡು ಒಂದು ಬಾಕಿ ಇದೆ," ಎಂದಳು.

"ಸರಿ," ಎಂದ ಅವನು. "ನಾಳೆ ಅರಕಲಗೂಡು."

ಬುಧವಾರ ಅರಕಲಗೂಡು. ಅಲ್ಲಿ ಸುದರ್ಶನ್ ಎಂಬವರ ಗಿಫ್ಟ್ ಅಂಗಡಿಗೆ ಧನ್ಯಾ ಸ್ಟೀಲ್ ಜರಡಿಯ ಹೋಲ್ಡರುಗಳನ್ನಷ್ಟೇ ಕೊಟ್ಟಿದ್ದಳು, ಒಂದೇ ಒಂದು ಹಿತ್ತಾಳೆ ತಟ್ಟೆಯನ್ನೂ ಕೊಟ್ಟಿರಲಿಲ್ಲ. ಬೈಕು ಅಂಗಡಿ ಮುಂದೆ ನಿಂತಿತು. ಒಳಗಿಂದ ಸುದರ್ಶನ್ ಕೈಬೀಸಿದರು. ರವೀಶ್ ಇಳಿದು ಮೆಟ್ಟಿಲಿಗೆ ಕಾಲಿಟ್ಟ.

"ಹೋಗ್ಬೇಡಿ," ಎಂದಳು ಧನ್ಯಾ.

ಅವನು ನಿಂತ.

"ಅಲ್ಲಿಲ್ಲ. ಎಲ್ಲೂ ಇಲ್ಲ. ನನ್ನ ಶೆಡ್ಡಲ್ಲೇ ಇದೆ. ಭಾನುವಾರ ನೀವು ಚೆನ್ನಾಗೈತೆ ಅಂದ್ರಲ್ಲ... ಅದೇ."

ರಸ್ತೆಯಲ್ಲಿ ಒಂದು ಟ್ರ್ಯಾಕ್ಟರ್ ಹೋಯಿತು. ರವೀಶ್ ಮೆಟ್ಟಿಲಿಂದ ಕಾಲು ಹಿಂದಕ್ಕೆ ತೆಗೆದ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಅವನು ಬೈಕ್ ತಿರುಗಿಸಿ, ಹತ್ತಿ ಎಂದ, ಅಷ್ಟೆ. ಹಾಸನದವರೆಗೂ ಅವಳು ಹಿಂದಿನ ಕಂಬಿಯನ್ನು ಬಿಗಿಯಾಗಿ ಹಿಡಿದು, ಅವನಿಗೆ ಒಂದಿಷ್ಟೂ ತಾಕದಂತೆ ಕೂತಳು.

ಶೆಡ್ಡಿನಲ್ಲಿ ಅವಳೇ ತಟ್ಟೆಯನ್ನು ಇಳಿಸಿ, ಸೌಟಿನ ಕೈ ಬಿಚ್ಚಿ, ಚಿಲಕದ ಪಟ್ಟಿ ತೆಗೆದಳು. ಮುಕ್ಕು ಕಾಣಿಸಿತು. ರವೀಶ್ ತಟ್ಟೆಯನ್ನು ಬೆಳಕಿಗೆ ಹಿಡಿದ. ತೂತುಗಳ ಬೆಳಕು ಅವನ ಅಂಗಿಯ ಮೇಲೆಲ್ಲ ಬಿತ್ತು.

"ಮೂರು ದಿನ," ಎಂದ. ಟವೆಲಿನಲ್ಲಿ ತಟ್ಟೆಯನ್ನು ಸುತ್ತಿಕೊಂಡು ಹೊರಟುಹೋದ.

ಗುರುವಾರ ಬೆಳಗ್ಗೆ ಧನ್ಯಾ ಹಳ್ಳಿಮೈಸೂರಿನ ಬಸ್ಸು ಹತ್ತಿದಳು. ಕರೆಯದ ಮನೆಗೆ, ಅದೂ ಎಡೆಯ ದಿನ ಹೋಗುವುದು ಸರಿಯೇ ಎಂದು ದಾರಿಯಲ್ಲಿ ಹತ್ತು ಸಲ ಕೇಳಿಕೊಂಡಳು. ಆದರೆ ಆ ಅಜ್ಜಿಯ ಕೈಗೆ ತಟ್ಟೆ ಬರುವಾಗ ಬೈಗುಳ ತಿನ್ನಬೇಕಾದವಳು ತಾನು, ಆ ಪಾಪದ ಅತ್ತಿಗೆಯಲ್ಲ. ಇದೊಂದು ಅವಳಿಗೆ ಖಚಿತವಿತ್ತು.

ಬಾಗಿಲಲ್ಲಿ ಅವಳನ್ನು ಕಂಡು ರವೀಶನ ಮುಖ ಗಂಟಿಕ್ಕಿತು. ಏನೂ ಹೇಳದೆ ದಾರಿ ಬಿಟ್ಟ.

ಒಳಗೆ ಗೋಡೆ ಪಕ್ಕ ಹೊಸ ಸೀರೆ, ಪಂಚೆ ಮಡಿಸಿಟ್ಟಿದ್ದರು. ಒಬ್ಬಟ್ಟು, ವಡೆ, ಮುದ್ದೆ, ಸಾರು, ತಾತನಿಗೆ ಇಷ್ಟವೆಂದು ಒಂದು ಕಟ್ಟು ಬೀಡಿ. ನಡುವೆ ರವೀಶನ ಅಜ್ಜಿ ಬೀರಮ್ಮ ಕಾಲು ಚಾಚಿ ಕೂತಿದ್ದಳು, ತೊಡೆಯ ಮೇಲೆ ತಟ್ಟೆ. ಲತಾ ಸೆರಗನ್ನು ಬೆರಳಿಗೆ ಸುತ್ತುತ್ತ ಮೂಲೆಯಲ್ಲಿ ನಿಂತಿದ್ದಳು.

ಅಜ್ಜಿಯ ಬೆರಳು ತಟ್ಟೆಯ ನಡುವೆ ಹುಡುಕುತ್ತಿತ್ತು. ಎಡಕ್ಕೆ, ಬಲಕ್ಕೆ. ತೂತುಗಳಿಗೆ ಸಿಕ್ಕಿ ನಿಂತು, ಮತ್ತೆ ನುಣುಪಾದ ಜಾಗಕ್ಕೆ ಬರುತ್ತಿತ್ತು.

"ಎಲ್ಲೋದ್ರವ್ವ ಇವ್ರು?" ಎಂದಳು ಬೀರಮ್ಮ. ಕೋಪದಿಂದಲ್ಲ. ಸಂತೆಯಲ್ಲಿ ಜೊತೆಗಿದ್ದವರು ತಪ್ಪಿಹೋದಾಗ ಕೇಳುವ ಹಾಗೆ.

ಧನ್ಯಾ ಅಲ್ಲೇ ಕುಸಿದು ಅವಳ ಪಾದ ಹಿಡಿದಳು. "ಅಜ್ಜಿ, ನಾನೇ ಉಜ್ಜಿದ್ದು. ತೂತು ಹೊಡೆದೋಳೂ ನಾನೇ. ಗೊತ್ತಿಲ್ದೆ ಮಾಡ್ದೆ. ಗೊತ್ತಾದ ಮೇಲೂ ಮೂರು ದಿನ ನಿಮ್ಮ ಮೊಮ್ಮಗನಿಗೆ ಸುಳ್ಳು ಹೇಳ್ದೆ. ಅವರ ತಪ್ಪಿಲ್ಲ, ಅಕ್ಕನ ತಪ್ಪೂ ಇಲ್ಲ."

ಬೀರಮ್ಮ ಅವಳ ಮುಖವನ್ನು ದಿಟ್ಟಿಸಿದಳು.

"ಉಜ್ಜುದ್ರೆ ಒಳೆಯಂಗೆ ಉಜ್ಜಬೇಕು ಕಣವ್ವ. ಅಳಿಸೋಗಂಗೆ ಉಜ್ತಾರಾ?"

ರವೀಶ್ ಎದ್ದು ಗೂಡಿನಿಂದ ಒಂದು ಮೊಳೆ ತಂದ. "ತಡಿಯಜ್ಜಿ, ನಾನೇ ಕೆತ್ತುತೀನಿ. ಐದು ನಿಮಿಷ."

"ಬ್ಯಾಡ ಕಣ್ಲಾ. ನಿನ್ ಅಕ್ಸರ ನಂಗೆ ಗುರ್ತ್ ಸಿಕ್ಕಾಕಿಲ್ಲ."

ಬೀರಮ್ಮ ಬಾಳೆ ಎಲೆಯ ತುಂಡೊಂದನ್ನು ತೂತಿನ ತಟ್ಟೆಯ ಮೇಲೆ ಹಾಸಿದಳು. ಲತಾ ಬಡಿಸಿದಳು. ರವೀಶನ ಅಣ್ಣ ಧೂಪ ಹಾಕಿ, ಹಿರಿಯರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಕರೆದ. ಕೊನೆಗೆ ಎಲ್ಲರೂ ಅಜ್ಜಿಯತ್ತ ನೋಡಿದರು. ಅವಳ ಕೈ ತಾನಾಗಿ ತಟ್ಟೆಯತ್ತ ಹೋಯಿತು, ಎಲೆಯ ಮೇಲೆ ನಿಂತಿತು, ಹಿಂದೆ ಬಂತು. ಧನ್ಯಾ ಕಣ್ಣು ಮುಚ್ಚಿಕೊಂಡಳು. ಈ ಮನೆಯ ಹಿರಿಯ ತನ್ನ ದೆಸೆಯಿಂದ ಇವತ್ತು ಕರೆಯಿಲ್ಲದೆ ಹಸಿದು ಹಿಂದಿರುಗುತ್ತಾನೆ.

"ಹುಲಿಯಪ್ಪಾ!"

ಒಡಕು ದನಿ, ಆದರೆ ಬೀದಿಗೆ ಕೇಳುವಷ್ಟು ಜೋರು. ಅಣ್ಣನ ಕೈಯಿಂದ ಧೂಪದ ಬಟ್ಟಲು ಜಾರುವುದರಲ್ಲಿತ್ತು.

"ಹುಲಿಯಪ್ಪಾ, ಬಾ. ಉಣ್ಣು ಬಾ. ತಡಾ ಆಗೋಯ್ತು."

ಹೇಳಿ ಮುಗಿಸಿ ಬೀರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹೆಗಲು ಅಲುಗುತ್ತಿತ್ತು. ಅಳುತ್ತಿದ್ದಾಳೆಂದು ಲತಾ ಓಡಿಬಂದರೆ ಮುದುಕಿ ನಗುತ್ತಿದ್ದಳು, ಕಣ್ಣೀರೂ ಸುರಿಯುತ್ತಿತ್ತು.

"ಅಂದೇಬುಟ್ನಲ್ಲವ್ವ! ನಾಲಿಗೆ ಬಿದ್ದೋಯ್ತದೆ ಅಂತಿದ್ಲು ನಮ್ಮತ್ತೆ. ಅಂಗೇ ಐತೆ ನೋಡು. ಬದುಕಿದ್ದಾಗ್ಲೇ ಒಂದ್ ಕಿತ ಕೂಗಿದ್ರೆ ಎಷ್ಟ್ ಕುಸಿ ಪಡ್ತಿದ್ರೋ ಏನೋ ಪುಣ್ಯಾತ್ಮ."

ಹಿರಿಯರು ಉಣ್ಣಲೆಂದು ಬಾಗಿಲು ಮುಂದೆ ಮಾಡಿ ಎಲ್ಲರೂ ಜಗಲಿಗೆ ಬಂದರು. ರವೀಶ್ ಮಾತ್ರ ಯಾರ ಮುಖವನ್ನೂ ನೋಡದೆ ಅಂಗಳ ದಾಟಿ, ದೂರದ ಹುಲ್ಲಿನ ಮೆದೆಯ ಹತ್ತಿರ ಬೆನ್ನು ತಿರುಗಿಸಿ ನಿಂತ.

ಸ್ವಲ್ಪ ಹೊತ್ತಿಗೆ ಬಾಗಿಲು ತೆರೆದರು. ಲತಾ ಎಲೆ ಹಾಕಿದಳು. ಧನ್ಯಾ ಹೊರಡುತ್ತೇನೆಂದು ಎದ್ದಾಗ ಬೀರಮ್ಮ ಅವಳ ಮುಂಗೈ ಹಿಡಿದುಕೊಂಡಳು. ಆ ಕಣ್ಣಿಗೆ ಅಕ್ಷರ ಕಾಣದಿದ್ದರೂ ಬೇರೆ ಎಲ್ಲ ಚೆನ್ನಾಗಿ ಕಾಣುತ್ತಿತ್ತು.

"ಎಡೆ ದಿನ ಮನೇಗ್ ಬಂದವ್ರು ಉಣ್ದೆ ಓಗಂಗಿಲ್ಲ. ಓಗು, ಅವನ್ನೂ ಊಟಕ್ಕೆ ಕರ್ಕೊಂಡ್ ಬಾ. ಹೆಸ್ರಿಡ್ದು ಕೂಗು. ನನ್ನಂಗೆ ಮುದುಕಿ ಆಗೋಗಂಟ ಕಾಯ್ಬ್ಯಾಡ."

ಧನ್ಯಾ ಅಂಗಳಕ್ಕಿಳಿದಳು. ಮೂರು ದಿನ ನೂರು ಸಲ ಸಲೀಸಾಗಿ ಹೇಳಿದ ಹೆಸರು ಈಗ ಬಾಯಿಗೆ ಬರಲಿಲ್ಲ. ನಾಲ್ಕು ಹೆಜ್ಜೆ ನಡೆದಳು, ನಿಂತಳು.

"ರವೀಶ್."

ಅವರೇ ಇಲ್ಲ, ಗಿವರೇ ಇಲ್ಲ. ಅವನ ಬೆನ್ನು ನೆಟ್ಟಗಾಯಿತು. ತಿರುಗಲಿಲ್ಲ.

"ಊಟಕ್ಕೆ ಕರೀತಿದಾರೆ. ಅದಕ್ಕೆ ಮುಂಚೆ ಒಂದು ಮಾತು ಕೇಳಿ, ಇದು ಸುಳ್ಳಲ್ಲ. ಭಾನುವಾರ ನಾನು ಹೆದರಿ ಸುಳ್ಳು ಹೇಳ್ದೆ. ಆಮೇಲಿನದು ಹೆದರಿ ಅಲ್ಲ."

"ಮತ್ಯಾಕೆ?"

"ತಟ್ಟೆ ಸಿಕ್ಬಿಟ್ರೆ ನೀವು ಬರೋದು ನಿಂತೋಗುತ್ತಲ್ಲ, ಅದಕ್ಕೆ."

ಅವನು ತಿರುಗಿದ. ಮುಖದಲ್ಲಿ ಅವಳು ಎಣಿಸಿದ್ದ ಸಿಟ್ಟಿರಲಿಲ್ಲ. ತಪ್ಪು ಮಾಡಿ ಸಿಕ್ಕಿಬಿದ್ದವನ ಪೆಚ್ಚುತನವಿತ್ತು.

"ನಂಗೆ ಚನ್ನರಾಯಪಟ್ಟಣದಲ್ಲೇ ಅನುಮಾನ ಬಂದಿತ್ತು," ಎಂದ.

"ಏನು?"

"ನಿಮ್ಮ ಮುಖ ನೋಡ್ದಾಗ. ತಟ್ಟೆ ನಿಮ್ಮತ್ರನೇ ಐತೆ ಅನ್ನಿಸ್ತು. ಕೇಳ್ಬೋದಿತ್ತು. ಕೇಳ್ಲಿಲ್ಲ."

"ಮತ್ತೆ ಅರಕಲಗೂಡಿಗೆ ಯಾಕೆ ಬಂದ್ರಿ?"

ರವೀಶ್ ಮೆದೆಯಿಂದ ಒಂದು ಹುಲ್ಲುಕಡ್ಡಿ ಎಳೆದು ಮುರಿದ. "ಅದ್ಕೇ ನೆನ್ನೆ ಮಾತೇ ಬರ್ಲಿಲ್ಲ. ಅಜ್ಜಿ ಇಲ್ಲಿ ಅಳ್ತಾ ಕುಂತೈತೆ, ನಾನು ಇನ್ನೊಂದ್ ದಿನ ನಿಮ್ಮನ್ನ ಬೈಕಲ್ಲಿ ಕೂರಿಸ್ಕೊಂಡು ಸುತ್ತೋ ಆಸೆಗೆ ಬಾಯಿ ಮುಚ್ಕೊಂಡಿದ್ದೆ. ನೀವಾದ್ರೂ ಬಾಯ್ಬಿಟ್ರಿ. ನನ್ನ ಕೈಲಿ ಅದೂ ಆಗ್ಲಿಲ್ಲ. ಮೂರು ದಿನ ಅಂದಿದ್ದು ನಿಮಗಲ್ಲ, ನಂಗೆ ನಾನೇ ಅಂದ್ಕೊಂಡಿದ್ದು."

ಧನ್ಯಾ ರಾತ್ರಿಯಿಡೀ ಅತ್ತು ಊದಿದ ಕಣ್ಣಿಂದಲೇ ಅವನನ್ನು ನೋಡಿದಳು. ಅವನೂ ಕಣ್ಣು ತಪ್ಪಿಸಲಿಲ್ಲ.

"ಅನ್ನ ಆರೋಗುತ್ತೆ," ಎಂದಳು ಕೊನೆಗೆ.

"ಬತ್ತೀನಿ. ಇನ್ನೊಂದ್ ಕಿತ ಕೂಗು."

ಅವನು ಮೊದಲ ಸಲ ಏಕವಚನಕ್ಕೆ ಇಳಿದಿದ್ದ. ಅವಳು ಜಗಲಿಯತ್ತ ನೋಡಿದಳು. ಅಲ್ಲಿ ಬೀರಮ್ಮ ಕತ್ತು ಚಾಚಿ ಕೂತಿದ್ದಳು, ಪಕ್ಕದಲ್ಲಿ ಲತಾ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು.

ಧನ್ಯಾ ಉಸಿರು ತುಂಬಿಕೊಂಡು, ಆ ಮನೆಗೆಲ್ಲ ಕೇಳುವ ಹಾಗೆ ಕೂಗಿದಳು.